ಪಕ್ಕೆಲುಬಿನ ಕೆಳಗಿನ ಗುಳಿ

ನಾವಿರುವ ಡಚ್ ಊರು ವೆಲ್ಡ್‌ಹೋವನ್‌ನ ಚಳಿಗೆ ನನ್ನ ಅತ್ತೆ ಹೆದರಿದಷ್ಟು ಇನ್ಯಾರೂ ಹೆದರಿರಲಾರರು. ಉಡುಪಿಯಿಂದ ಬಂದ ದಿನದಿಂದಲೇ ಹತ್ತು ತಿಂಗಳ ನನ್ನ ಮಗಳಿಗೆ ಬನಿಯನ್ ಮೇಲೆ ಅಂಗಿ, ಅಂಗಿಯ ಮೇಲೆ ಸ್ವೆಟರ್, ಅದರ ಮೇಲೊಂದು ಶಾಲು ಸುತ್ತಿ, ಮುಖವೊಂದನ್ನೇ ಹೊರಗೆ ಬಿಟ್ಟಿದ್ದರು. ಅವಳಿಗೆ ಶೀತ ಹಿಡಿದ ಮೇಲಂತೂ ಕೇಳುವುದೇ ಬೇಡ.

ಬೆಳಿಗ್ಗೆ ಡಾಕ್ಟರರ ಕ್ಲಿನಿಕ್ಕಿಗೆ ಫೋನ್ ಮಾಡಿ ಜ್ವರ, ಕೆಮ್ಮು ಎಂದಿದ್ದೆ. ಪ್ಯಾರಸಿಟಮಾಲ್ ಕೊಡಿ, ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ತಿಳಿಸಿ ಎಂದಳು ಅಲ್ಲಿಯ ಸಹಾಯಕಿ. ಈ ದೇಶದಲ್ಲಿ ಕಾಲು ಮುರಿದರೂ ಅದೇ ಮದ್ದು ಎಂದು ಗೊಣಗುತ್ತಾ ಫೋನಿಟ್ಟೆ.

ಮಧ್ಯಾಹ್ನ ಮಗಳು ಒಂದೆರಡು ಗುಟುಕು ಹಾಲು ಕುಡಿದು ಬಾಟಲಿಯಿಂದ ಮುಖ ತಿರುಗಿಸಿದಳು. ಬೆಳಗಿನಿಂದ ಹಿಡಿದಿದ್ದ ಅಳುವೂ ನಿಂತಿತು. ಅತ್ತೆಗೆ ಸಮಾಧಾನ.

“ಈಗಷ್ಟೇ ಮಲಗಿದ್ದು. ಎಬ್ಬಿಸ್ಬೇಡ ಮಾರಾಯ್ತಿ.”

ನನಗದು ಸರಿಕಾಣಲಿಲ್ಲ. ನನ್ನ ಮಗಳು ಹಸಿದ ಹೊಟ್ಟೆಯಲ್ಲಿ ಸುಮ್ಮನೆ ಮಲಗುವವಳೇ ಅಲ್ಲ. ಹತ್ತಿರ ಹೋಗಿ ನೋಡಿದರೆ ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಶಾಲು ಎಳೆದೆ, ಸ್ವೆಟರ್ ಬಿಚ್ಚಿದೆ. “ಅಯ್ಯೋ, ಚಳಿ!” ಎಂದು ಅತ್ತೆ ನನ್ನ ಕೈ ಹಿಡಿದರು. ಬನಿಯನ್ ಎತ್ತಿದೊಡನೆ ಅವರ ಹಿಡಿತವೇ ಸಡಿಲವಾಯಿತು. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ಎದೆಗೂಡಿನ ಕೆಳಗೆ ಗುಳಿ ಬೀಳುತ್ತಿತ್ತು.

ಮತ್ತೆ ಫೋನ್ ಮಾಡಿದೆ. ಈ ಸಲ ಜ್ವರದ ಸುದ್ದಿಯೇ ಎತ್ತಲಿಲ್ಲ, ತೊಂದರೆ ಕೊಟ್ಟಿದ್ದಕ್ಕೆ ಸಾರಿ ಎಂದೂ ಹೇಳಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದೆ.

“ಉಸಿರೆಳೆದಾಗೆಲ್ಲ ಪಕ್ಕೆ ಒಳಗೆ ಹೋಗ್ತಿದೆ. ಹಾಲು ಕುಡೀತಿಲ್ಲ. ಅಳೋಕೂ ಶಕ್ತಿ ಇಲ್ಲ.”

ಸಹಾಯಕಿಯ ದನಿಯೇ ಬದಲಾಯಿತು. “ಎಲ್ಲಿಗೂ ಹೊರಡಬೇಡಿ, ಬಾಗಿಲು ತೆಗೆದಿಡಿ. ಆಂಬುಲೆನ್ಸ್ ಕಳಿಸ್ತಿದ್ದೇವೆ.”

ಬಂದವರು ಮಗುವಿನ ಎದೆ ನೋಡಿದವರೇ ಆಕ್ಸಿಜನ್ ಹಿಡಿದರು. ಬಟ್ಟೆ ಬಿಚ್ಚಿ ನೋಡಿದ್ದು ಒಳ್ಳೆಯದಾಯಿತು ಎಂದ ಅವರಲ್ಲೊಬ್ಬ. ಮುಚ್ಚಿಡುವುದೇಕೆ, ಆ ಗಾಬರಿಯಲ್ಲೂ ನನ್ನ ಎದೆ ಉಬ್ಬಿತು. “ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತ ಸುಮ್ನೆ ಹೇಳ್ತಾರಾ?” ಎಂದು ಅತ್ತೆ ಮೂಗೊರೆಸಿಕೊಂಡರು.

ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ಮಗಳ ಮೂಗಿಗೆ ಹಾಕಿದ್ದ ಆಕ್ಸಿಜನ್ ನಳಿಕೆ ತೆಗೆದರು. ಮಗಳು ಬಾಟಲಿಯ ಹಾಲನ್ನೆಲ್ಲ ಒಂದೇ ಸಮನೆ ಹೀರಿ, ಇನ್ನೂ ಬೇಕೆಂದು ವಾರ್ಡು ಹಾರಿಹೋಗುವಂತೆ ಕಿರುಚಿದಳು. ನರ್ಸ್ ಸಮಾಧಾನ ಮಾಡಲು ಓಡಿ ಬಂದರೆ ಅತ್ತೆ ಕೈ ಅಡ್ಡ ಹಿಡಿದು, ಕನ್ನಡದಲ್ಲೇ ತಡೆದರು.

“ಅಳ್ಲಿ ಬಿಡಿ ಮಾರಾಯ್ರೇ. ಎಷ್ಟು ಚಂದ ಅಳ್ತಾ ಉಂಟು!”