ಹನ್ನೊಂದು ಕೋಣೆಯ ಲಾಜಿಗೆ ಒಂದು ಲಿಂಕ್

೧೯೯೯ರಲ್ಲಿ ನಾನು ಸೊಲ್ಲಾಪುರದ ನವೀ ಪೇಠೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ನಾಲ್ಕು ಕಂಪ್ಯೂಟರ್, ಒಂದು ಮೋಡೆಮ್. ಟೈಪಿಂಗ್ ಕಲಿಸಿ ಕಲಿಸಿ ಬೇಸತ್ತು, ವೆಬ್‌ಸೈಟ್ ಮಾಡಿಕೊಡಲಾಗುವುದು ಎಂದು ಬಾಗಿಲಿಗೆ ಬೋರ್ಡು ತೂಗುಹಾಕಿದೆ. ಮೂರು ತಿಂಗಳು ಯಾರೂ ಬರಲಿಲ್ಲ. ಮೊದಲು ಬಂದವರು ಅಕ್ಕಲಕೋಟದ ಗುರುಪಾದಪ್ಪ ಕಾಕಾ.

ಯಾತ್ರಾಸ್ಥಳವಾದ ಆ ಊರಿನ ಗುಡಿಯ ಹಿಂದಿನ ಓಣಿಯಲ್ಲಿ ಅವರದು ಹನ್ನೊಂದು ಕೋಣೆಗಳ ಲಾಜ್. ಬಸ್ ಸ್ಟ್ಯಾಂಡಿನ ಎದುರು ಹೊಸ ಲಾಜುಗಳೆದ್ದು, ಬಸ್ಸಿಳಿದ ಯಾತ್ರಿಕರನ್ನು ಏಜೆಂಟರು ಅಲ್ಲೇ ಹಿಡಿದು ಒಯ್ಯುತ್ತಿದ್ದರು. ಪುಣೆ, ಮುಂಬೈಯವರಿಗೆ ಊರು ಬಿಡುವ ಮೊದಲೇ ತಮ್ಮ ಹೆಸರು ಗೊತ್ತಾಗಬೇಕು ಎಂಬುದು ಕಾಕಾರ ಆಸೆ. ಆರು ಪುಟಗಳ ಸೈಟು ಮಾಡಿದೆ. ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ಬಾರದ ಕಾಕಾ ಫೋಟೋ ನೋಡಿಯೇ ಒಪ್ಪಿದರು.

ಆದರೆ ನೋಡುವವರು ಬರಬೇಕಲ್ಲ? ಬೇರೆಯವರ ಸೈಟಿನಲ್ಲಿ ನಮ್ಮ ಹೆಸರಿದ್ದು, ಅದನ್ನು ಒತ್ತಿದರೆ ನಮ್ಮ ಪುಟ ತೆರೆಯಬೇಕು. ಅದೇ ಲಿಂಕ್. ಲಿಂಕಿಲ್ಲದ ಸೈಟು ದಾರಿಯಿಲ್ಲದ ಊರಿದ್ದಂತೆ. ನನಗೋ ಅವಸರ. ನೂರಾರು ಸೈಟುಗಳು ಪರಸ್ಪರ ಲಿಂಕ್ ಹಾಕಿಕೊಳ್ಳುವ ಉಚಿತ ಯೋಜನೆಯೊಂದಕ್ಕೆ ಹೆಸರು ಕೊಟ್ಟೆ. ಒಂದೇ ವಾರದಲ್ಲಿ ಲಿಂಕುಗಳ ರಾಶಿ ಬಿತ್ತು. ಕ್ಲಾಸಿನವರಿಗೆಲ್ಲ ಹೆಮ್ಮೆಯಿಂದ ತೋರಿಸಿದೆ.

ಹದಿನೈದು ದಿನಕ್ಕೆ ಕಾಕಾ ಬಂದರು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಮ್ಯಾಡಮ್, ನಮ್ಮ ಅಳಿಯಾ ಪುಣೆದಾಗ ನೋಡ್ಯಾನ್ರಿ. ನಮ್ಮ ಲಾಜ್ ಹೆಸರಿನ ಬಾಜೂಕ ಜೂಜಿನ ಜಾಹೀರಾತ ಐತಂತ. ದೇವರಿಗೆ ಬರೋ ಮಂದಿ ಏನ ತಿಳಕೋಬೇಕ್ರಿ?"

ಅಂದೇ ಯೋಜನೆಯಿಂದ ಹೆಸರು ತೆಗೆಸಲು ಪತ್ರ ಬರೆದೆ. ಯಾತ್ರೆಯ ಬಗ್ಗೆ ಬರೆಯುತ್ತಿದ್ದ ಸೈಟುಗಳನ್ನು ಒಂದೊಂದಾಗಿ ಹುಡುಕಿ, ಲಿಂಕ್ ಕೇಳಿ ಇಪ್ಪತ್ತಾರು ಜನರಿಗೆ ಬೇರೆ ಬೇರೆಯಾಗಿ ಇ-ಮೇಲ್ ಕಳಿಸಿದೆ. ಆಮೇಲೆ ಶುರುವಾಯಿತು ಚಡಪಡಿಕೆ. ಪಾಠದ ನಡುವೆ ಎದ್ದುಹೋಗಿ ಮೋಡೆಮ್ ಹಚ್ಚುವುದು, ಟಪಾಲು ನೋಡುವುದು, ಮತ್ತೆ ಬಂದು ಪಾಠ. ಎಲ್ಲಿಗೆ ನಿಲ್ಲಿಸಿದ್ದೆನೆಂದು ಹುಡುಗಿಯರೇ ನೆನಪಿಸಬೇಕಿತ್ತು.

ಉತ್ತರ ಬಂದದ್ದು ಒಂದೇ. ಪುಣೆಯ ಬ್ಯಾಂಕೊಂದರಲ್ಲಿದ್ದ ಅರವಿಂದರಾವ್ ಎಂಬವರು ಹವ್ಯಾಸಕ್ಕೆಂದು ಯಾತ್ರಾಸ್ಥಳಗಳ ಸೈಟು ನಡೆಸುತ್ತಿದ್ದರು. "ನಮ್ಮವರು ಯಾರಾದರೂ ಕಣ್ಣಾರೆ ನೋಡದೆ ನಾನು ಲಿಂಕ್ ಕೊಡುವುದಿಲ್ಲ" ಎಂದಷ್ಟೇ ಬರೆದಿದ್ದರು. ಯಾರು ನೋಡುತ್ತಾರೆ, ಯಾವಾಗ, ಒಂದೂ ಇರಲಿಲ್ಲ.

ಮುಂದಿನ ಗುರುವಾರ ಹೊಸ ಫೋಟೋ ತೆಗೆಯಲು ಅಕ್ಕಲಕೋಟಕ್ಕೆ ಹೋದೆ. ಮಧ್ಯಾಹ್ನ ನಾಲ್ಕರ ಸುಮಾರಿಗೆ, ಮಂಗಳವೇಢೆಯಿಂದ ಒಬ್ಬರೇ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಕೌಂಟರಿನಲ್ಲಿ ಹೆಸರು ಬರೆಸಿ ಬಿಸಿನೀರು ಕೇಳಿದರು.

"ಈಗ ಇಲ್ರಿ ಅವ್ವಾರ. ಮುಂಜಾನಿ ಎಂಟರ ತನಕಾ ಅಷ್ಟ," ಎಂದರು ಕಾಕಾ.

"ಇಪ್ಪತ್ನಾಕು ತಾಸೂ ಬಿಸಿನೀರು ಅಂತ ಇಂಟರ್‌ನೆಟ್ಟಿನ್ಯಾಗ ಬರದೀರೆಲ್ರಿ? ನನ್ನ ತಮ್ಮ ಓದಿ ಹೇಳ್ಯಾನ. ಮೊಣಕಾಲು ಹಿಡದಾವಂತ ಅದನ್ನ ನಂಬಿ ಬಂದೀನಿ."

ಕಾಕಾ ನನ್ನತ್ತ ತಿರುಗಿದರು. ಆ ಸಾಲು ನನ್ನದೇ. ದೊಡ್ಡ ಹೋಟೆಲುಗಳ ಸೈಟು ನೋಡಿ, ಕಾಕಾರನ್ನು ಕೇಳದೆಯೇ ಸೇರಿಸಿದ್ದೆ. ಯಾರು ಪರೀಕ್ಷಿಸುತ್ತಾರೆ ಎಂಬ ಧೈರ್ಯ.

"ನಾನೇ ಬರದೀನ್ರಿ. ತಪ್ಪಾಗೇತಿ," ಎಂದೆ.

ಕಾಕಾ ಆಕೆಗೆ ಕುರ್ಚಿ ಸರಿಸಿದರು. "ಕೂಡ್ರಿ ಅವ್ವಾರ. ಇವತ್ತ ಒಲಿ ಮ್ಯಾಲ ಕಾಸಿ ಕೊಡ್ತೀನಿ. ಖರೇ ಹೇಳ್ತೀನಿ, ದಿನಾ ಇದು ನಮ್ಮ ಕೈಲೆ ಆಗಂಗಿಲ್ಲ," ಎಂದು ಒಳಗೆ ಹೋದರು. ಎರಡು ಬಕೆಟ್ ನೀರನ್ನು ತಾವೇ ಮೆಟ್ಟಿಲು ಹತ್ತಿಸಿದರು.

ಆಕೆಯ ತಮ್ಮ ಯಾರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸೊಲ್ಲಾಪುರಕ್ಕೆ ಮರಳುವ ಸಂಜೆಯ ಎಸ್‌ಟಿ ಬಸ್ಸು ಕುಂಭಾರಿ ದಾಟುವಾಗಲೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಇಳಿದವಳೇ ಮನೆಗೆ ಹೋಗದೆ ಕ್ಲಾಸಿನ ಬೀಗ ತೆಗೆದು ಆ ಸಾಲನ್ನು ಅಳಿಸಿದೆ. 'ಬಿಸಿನೀರು ಬೆಳಿಗ್ಗೆ ಐದರಿಂದ ಎಂಟರವರೆಗೆ' ಎಂದು ಬರೆದೆ. 'ಗುಡಿಯ ಪಕ್ಕದಲ್ಲೇ' ಎಂದಿದ್ದುದನ್ನು 'ಆರು ನಿಮಿಷದ ನಡಿಗೆ' ಎಂದು ತಿದ್ದಿದೆ. ನಾಚಿಕೆಯಿಂದ ಮಾಡಿದೆನೋ, ಆ ತಮ್ಮನ ಭಯದಿಂದಲೋ, ಇಂದಿಗೂ ಖಚಿತವಾಗಿ ಹೇಳಲಾರೆ.

ಒಂಬತ್ತು ದಿನ ಏನೂ ಬರಲಿಲ್ಲ. ಹತ್ತನೆಯ ದಿನ ಅರವಿಂದರಾಯರ ಇ-ಮೇಲ್ ಬಂತು. "ನನ್ನ ಅಕ್ಕ ನಿಮ್ಮಲ್ಲಿ ಒಂದು ದಿನ ತಂಗಿದ್ದಳು. ನಡೆದದ್ದೆಲ್ಲ ಹೇಳಿದಳು. ಲಿಂಕ್ ಕೊಡಬಾರದೆಂದುಕೊಂಡೇ ನಿಮ್ಮ ಪುಟ ಮತ್ತೊಮ್ಮೆ ತೆರೆದೆ. ನಾನು ಕೇಳುವ ಮೊದಲೇ ನೀವು ತಿದ್ದಿದ್ದೀರಿ." ಕೆಳಗೆ ತಮ್ಮ ಸೈಟಿನಲ್ಲಿ ಹಾಕಿದ್ದ ಸಾಲನ್ನೂ ಕಳಿಸಿದ್ದರು: 'ಕೋಣೆ ಚಿಕ್ಕವು, ಸ್ವಚ್ಛವಾಗಿವೆ. ಇಲ್ಲದ್ದನ್ನು ಇಲ್ಲ ಎನ್ನುವ ಮಾಲಕರು.'

ಆ ಸಾಲು ಓದಿಕೊಂಡು ಅವರ ಸೈಟಿನಿಂದ ಬಂದವರು ಮೊದಲ ತಿಂಗಳಲ್ಲಿ ನಾಲ್ಕೇ ಕುಟುಂಬ. ಆದರೆ ಅವರು ಬಸ್ ಸ್ಟ್ಯಾಂಡಿನ ಏಜೆಂಟರನ್ನು ದಾಟಿ, ಓಣಿಯ ದಾರಿ ಕೇಳಿಕೊಂಡು ಬಂದರು. ವರ್ಷ ಮುಗಿಯುವುದರೊಳಗೆ ಇನ್ನೂ ಮೂರು ಸೈಟುಗಳು ತಾವಾಗಿಯೇ ಲಿಂಕ್ ಹಾಕಿದವು.

ಆ ನಂತರ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದೆ. ಲಿಂಕ್ ಕೊಡುವವನು ತನ್ನ ಮಾತನ್ನು ನಮಗೆ ಕಡ ಕೊಟ್ಟಿರುತ್ತಾನೆ. ನಾವು ಸುಳ್ಳಾಡಿದರೆ ಕೆಡುವುದು ಅವನ ಹೆಸರೂ ಹೌದು. ಹಾಗಾಗಿ ಯಾವ ಅಂಗಡಿಯ ಸೈಟು ಕೈಗೆ ಬಂದರೂ, ಯಾರಿಗೂ ಪತ್ರ ಬರೆಯುವ ಮುನ್ನ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಪುಟದ ಪ್ರಿಂಟ್ ಹಿಡಿದು ಒಂದೊಂದು ಸಾಲನ್ನೂ ಮಾಲಕರಿಗೆ ಅವರ ಭಾಷೆಯಲ್ಲಿ ಓದಿ ಹೇಳುತ್ತಿದ್ದೆ. ಅವರು ಯಾವ ಸಾಲಿಗೆ ತಡವರಿಸಿದರೂ, ಪೆನ್ನು ತೆಗೆದು ಅದನ್ನು ಹೊಡೆದುಹಾಕುತ್ತಿದ್ದೆ.