ನನ್ನ ಹೆಸರಿನಲ್ಲಿ ಬಂದ ಹೊಟ್ಟೆ ಕರಗಿಸುವ ಮಾತ್ರೆ

ಆಷಾಢದ ಒಂದು ಮಂಗಳವಾರ, ಬೆಳಿಗ್ಗೆ ಐದೂವರೆ. ಚೆನ್ನೈನ ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಹಾಜರಿದ್ದವರು ನಾನು ಮತ್ತು ವಾಚ್‌ಮನ್. ಗೈರುಹಾಜರಾದವರು ಮೊದಲ ಮಹಡಿಯ ನನ್ನ ಗೆಳೆಯರು. ಉಡುಪಿ ಕಡೆಯವರು, ಹೋಟೆಲನ್ನು ಮಕ್ಕಳಿಗೆ ಒಪ್ಪಿಸಿ ಮನೆಯಲ್ಲಿರುವವರು. ನಾವಿಬ್ಬರೂ ದಿನಾ ಕೆರೆಯ ಸುತ್ತ ನಡೆಯುತ್ತೇವೆ. ನೆಗಡಿ, ಕೆಮ್ಮಿಗೆಲ್ಲ ತಪ್ಪಿಸುವ ಆಸಾಮಿಯಲ್ಲ. ಹಿಂದಿನ ದಿನವೂ ಬಂದಿರಲಿಲ್ಲ, ಫೋನನ್ನೂ ಎತ್ತಿರಲಿಲ್ಲ.

ತಿಂಡಿ ಮುಗಿಸಿ ಅವರ ಮನೆಗೇ ಹೋದೆ. ಪೇಪರಿನಿಂದ ತಲೆಯೆತ್ತದೆ ಫೋನನ್ನು ನನ್ನತ್ತ ತಳ್ಳಿದರು. ಅದರಲ್ಲೊಂದು ಇಮೇಲ್. ಕಳಿಸಿದವನು ನಾನು, ಹೆಸರು ಇನಿಷಿಯಲ್ ಸಮೇತ ಸರಿಯಾಗಿತ್ತು. ನಿಮ್ಮ ಹೊಟ್ಟೆ ನಿಮಗೇ ಭಾರವಾಗಿದೆಯೇ ಎಂಬ ಪ್ರಶ್ನೆ, ಕೆಳಗೆ ಮಾತ್ರೆಗಳ ಚಿತ್ರ.

“ಎದುರಿಗೇ ಹೇಳಬಹುದಿತ್ತಲ್ಲ ಮಾರಾಯ್ರೆ. ಇಷ್ಟು ವರ್ಷ ಪಕ್ಕದಲ್ಲಿ ನಡೆದದ್ದು ಇದನ್ನು ನೋಡ್ಲಿಕ್ಕಾ?”

ದಿನಾಂಕ ಹಾಕದೆ, ವಿಷಯ ನಮೂದಿಸದೆ ನಾನು ಎಂದಾದರೂ ಪತ್ರ ಬರೆದದ್ದುಂಟೇ ಎಂದು ವಾದಿಸಿದೆ. ಗುರುತು ಸಿಗಬಾರದೆಂದು ಬೇಕಂತಲೇ ಬಿಟ್ಟಿರಬಹುದು ಎಂದರು. ಹಾಗಿದ್ದರೆ ಹೆಸರನ್ನೇಕೆ ಹಾಕುತ್ತಿದ್ದೆ ಎಂದರೆ ಪೇಪರಿನ ಪುಟ ತಿರುಗಿಸಿದರು.

ಕೊನೆಗೆ ನನ್ನ ಸೊಸೆಯನ್ನು ಕರೆದೆ. ಐಟಿ ಕಂಪನಿಯವಳು, ಅಂದು ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್ ಹಿಡಿದು ಬಂದು, ಏನೋ ಟೈಪ್ ಮಾಡಿದಳು. ಗೆಳೆಯರ ಫೋನಿಗೆ ಮೇಲ್ ಬಂದ ಸದ್ದಾಯಿತು. ಇನ್ನು ಮೇಲೆ ಆರಕ್ಕಿಂತ ಹೆಚ್ಚು ಇಡ್ಲಿ ಬೇಡ ಎಂದು ಅವರಿಗೆ ಬುದ್ಧಿ ಹೇಳಿದ್ದರು ಅವರೇ, ಅವರದೇ ಹೆಸರಿನಲ್ಲಿ.

ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಹಾಕಿಕೊಳ್ಳಬಹುದು, ಫೋನಿನಲ್ಲಿ ಮೊದಲು ಕಾಣುವುದು ಹೆಸರು ಮಾತ್ರ ಎಂದು ವಿವರಿಸಿದಳು. ಯಾರದೋ ವಿಳಾಸಗಳ ಪಟ್ಟಿ ಕದ್ದರೆ ಯಾರಿಗೆ ಯಾರು ಪರಿಚಯವೆಂದೂ ತಿಳಿಯುತ್ತದಂತೆ. ಮಾತ್ರೆಯ ಮೇಲ್‌ನಲ್ಲಿ ನನ್ನ ಹೆಸರನ್ನು ಒತ್ತಿದಾಗ, ಬಾಯಲ್ಲಿ ಹೇಳಲಾಗದ ಉದ್ದನೆಯ ವಿಳಾಸವೊಂದು ಹೊರಬಂತು.

“ಇದಕ್ಕೆ ಹೇಳುವವರು ಕೇಳುವವರು ಇಲ್ವಾ?” ಎಂದರು ಗೆಳೆಯರು.

ಸೊಸೆ ಹೇಳಿದ ಪ್ರಕಾರ ಇಮೇಲ್ ಶುರುಮಾಡಿದವರು ಕೆಲವೇ ಜನ, ಹೆಚ್ಚುಕಡಿಮೆ ಪರಸ್ಪರ ಪರಿಚಯದವರು. ಯಾರ ಅಪ್ಪಣೆಯೂ ಇಲ್ಲದೆ ಯಾರಿಗಾದರೂ ಬರೆಯುವಂತಿರಲಿ ಎಂದು ಬಾಗಿಲು ತೆರೆದಿಟ್ಟರಂತೆ. ಕಾವಲು ಬಂದದ್ದು ಆಮೇಲೆ. ಅದೂ ವಿಳಾಸವನ್ನು ನೋಡುತ್ತದೆಯೇ ಹೊರತು ಹೆಸರನ್ನಲ್ಲ. ಹಾಗಾದರೆ ಗುರುತಿನ ಚೀಟಿ ತೋರಿಸಿಯೇ ಮೇಲ್ ಕಳಿಸಬೇಕೆಂದು ಕಾನೂನು ಬರಲಿ ಎಂದು ಗೆಳೆಯರು ಗುಡುಗಿದರು.

“ಮಾಡ್ಬೋದು ಅಂಕಲ್,” ಎಂದಳು ಸೊಸೆ. “ಆಮೇಲೆ ಜನರೇಟರ್ ಸೌಂಡ್ ಬಗ್ಗೆ ಅಸೋಸಿಯೇಷನ್‌ಗೆ ‘ಒಬ್ಬ ನಿವಾಸಿ’ ಅಂತ ಬರತ್ತಲ್ಲ, ಆ ಕಂಪ್ಲೇಂಟೂ ನಿಂತೋಗತ್ತೆ. ಪರವಾಗಿಲ್ವಾ?”

ಆ ನಿವಾಸಿ ಯಾರೆಂದು ಇಡೀ ಕಟ್ಟಡಕ್ಕೆ ಗೊತ್ತು. ಗೊತ್ತಿದೆಯೆಂಬುದು ನನ್ನ ಗೆಳೆಯರಿಗೆ ಮಾತ್ರ ಗೊತ್ತಿರಲಿಲ್ಲ. ಕಾನೂನಿನ ವಿಷಯ ಅಲ್ಲಿಗೇ ಬಿಟ್ಟು, ಹೆಂಡತಿಗೆ ಕಾಫಿ ತರಲು ಹೇಳಿದರು. ಮೂರು ಲೋಟ ಎಂದದ್ದರಿಂದ ನನಗೂ ಉಂಟೆಂದು ತಿಳಿಯಿತು. ವಾಕಿಂಗ್ ಮಾತನ್ನು ಮಾತ್ರ ಎತ್ತಲಿಲ್ಲ.

ಸಂಜೆ ಅವರ ಹೆಸರಿನಲ್ಲಿ ನನಗೊಂದು ಮೇಲ್ ಬಂತು: ನಾಳೆ ಐದೂವರೆಗೆ ಬರುತ್ತೇನೆ. ಹೆಸರನ್ನು ಒತ್ತಿ ನೋಡಿದೆ, ವಿಳಾಸ ಅವರದೇ. ಆದರೂ ಮೆಟ್ಟಿಲಿಳಿದು ಹೋಗಿ ಬೆಲ್ ಒತ್ತಿದೆ.

“ನಾನೇ ಕಳ್ಸಿದ್ದು ಮಾರಾಯ್ರೆ,” ಎಂದರು. “ಹೊಟ್ಟೆ ಸುದ್ದಿ ಎತ್ತಿದ್ರೆ ಮಾತ್ರ ಅರ್ಧ ದಾರಿಯಿಂದ ವಾಪಸ್.”

ಎತ್ತುವುದಿಲ್ಲವೆಂದು ಒಪ್ಪಿಕೊಂಡು ಮೇಲೆ ಬಂದೆ. ಕ್ಯಾನ್ವಾಸ್ ಬೂಟಿನ ಕೆಸರು ಒರೆಸಿ ಬಾಗಿಲ ಪಕ್ಕದಲ್ಲಿ ಜೋಡಿಸಿಟ್ಟೆ.