ಸರ್ಟಿಫಿಕೇಟಿಗೆ ಲ್ಯಾಮಿನೇಷನ್

"ಗ್ಲಾಸು ತೊಳೆಯುವವಳ ಮಗಳಿಗೆ ಡಿಗ್ರಿಯಾ? ಆಗುವ ಕೆಲಸ ಹೇಳು ಮಾರಾಯ್ತಿ!" ನನ್ನ ಕಾಲೇಜು ಅರ್ಜಿಯ ಜೆರಾಕ್ಸ್ ತೆಗೆಯುತ್ತಾ ಅಮ್ಮನಿಗೆ ಹೀಗೆ ಹೇಳಿದವರು ಹೊಸಂಗಡಿಯ ಜೆರಾಕ್ಸ್ ಅಂಗಡಿಯ ಸದಾನಂದಣ್ಣ. ಅಮ್ಮ ಗ್ಲಾಸು ತೊಳೆಯುವ ಕೆಫೆ ಅವರ ಅಂಗಡಿಯ ಪಕ್ಕದಲ್ಲೇ ಉಂಟು. ನಮ್ಮ ಪೇಟೆಯ ಸೌಕರ್ಯವೇ ಅದು: ಬೇಕರಿ, ಟೈಲರ್, ಮೆಡಿಕಲ್, ಕೇಳದ ಅಭಿಪ್ರಾಯ, ಎಲ್ಲವೂ ನಡೆದು ಹೋಗುವಷ್ಟು ಹತ್ತಿರ.

ಕಳೆದ ವಾರ ಬಿ.ಕಾಂ. ಸರ್ಟಿಫಿಕೇಟ್ ಹಿಡಿದು ಅಮ್ಮನಿಗೆ ತೋರಿಸಲು ಕೆಫೆಗೆ ನಡೆದೆ. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ನನಗಿಂತ ಮೊದಲೇ ಸುದ್ದಿ ತಲುಪಿತ್ತು. ಸದಾನಂದಣ್ಣ ಅಂಗಡಿಯಿಂದ ಇಳಿದು ಬಂದರು.

"ನಾನು ಅಂದೇ ಹೇಳಿರ್ಲಿಲ್ವಾ, ಇವಳು ಪಾಸಾಗ್ತಾಳೆ ಅಂತ! ಕೊಡು, ನಾನೇ ಲ್ಯಾಮಿನೇಷನ್ ಮಾಡಿ ಕೊಡ್ತೇನೆ."

ರೇಷನ್ ಕಾರ್ಡಿನಿಂದ ಜಾತಕದವರೆಗೆ, ಪ್ಲಾಸ್ಟಿಕ್ ಹೊದೆಯದ ಕಾಗದಕ್ಕೆ ನಮ್ಮಲ್ಲಿ ಮರ್ಯಾದೆಯಿಲ್ಲ.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ನನ್ನಿಂದ ತೆಗೆದುಕೊಂಡರು. ನನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ, ಅದನ್ನು ಸದಾನಂದಣ್ಣನ ಕೈಗಿಟ್ಟರು.

"ಮಾಡಿ ಅಣ್ಣ. ನೀವು ಅಂದು ಹೇಳಿದ್ದನ್ನೂ ಒಂದು ಕಾಗದದಲ್ಲಿ ಬರೆದು ಇದರ ಹಿಂದೆ ಇಡಿ. ಎರಡೂ ಒಟ್ಟಿಗೆ ಬಾಳಿಕೆ ಬರ್ಲಿ."